ಲಂಗದ ಅಳತೆ

ಸೋಮನಹಳ್ಳಿಯ ಹೆಸರಿನ ಜೊತೆ ಟೆನಿಸ್ ಹೆಸರು ಸೇರಿಸಿದರೆ ಯಾರೂ ನಗಬೇಕಾಗಿಲ್ಲ. ಈ ಊರಿನ ಎಸ್.ಎಂ. ಕೃಷ್ಣ ಅವರ ಹೆಸರಿನಲ್ಲಿರುವ 'ಎಸ್' ಎಂದರೆ ಸೋಮನಹಳ್ಳಿಯೇ. ಅವರಿಗಿದ್ದ ಟೆನಿಸ್ ಹುಚ್ಚು ನಾಡಿಗೆಲ್ಲ ಗೊತ್ತು. ರಾಜ್ಯದ ಲಾನ್ ಟೆನಿಸ್ ಸಂಸ್ಥೆಯ ಅಧ್ಯಕ್ಷರಾಗಿದ್ದವರು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಕಬ್ಬನ್ ಪಾರ್ಕಿನ ಟೆನಿಸ್ ಕ್ರೀಡಾಂಗಣಕ್ಕೆ ಈಗ ಅವರದೇ ಹೆಸರು. ಊರಿಗೆ ಇಷ್ಟು ಹೆಸರಿದ್ದೂ, ನಮ್ಮ ಸುತ್ತಮುತ್ತ ರ್‍ಯಾಕೆಟ್ ಹಿಡಿದ ಹೆಣ್ಣು ಹುಡುಗಿಯನ್ನು ನಾನಂತೂ ಕಂಡಿಲ್ಲ.

ಯಾಕೆ ಎಂದು ಕೇಳಿ ನೋಡಿ. ಮೊದಲು ಬರುವ ಉತ್ತರ ಬಟ್ಟೆಯದು. "ಅಯ್ಯೋ, ಆ ತುಂಡು ಲಂಗ ಹಾಕ್ಕೊಂಡು ಕುಣಿಯೋದಾ?" ಹೀಗೆನ್ನುವವರು ಗಂಡಸರು ಮಾತ್ರವಲ್ಲ, ನಾವೇ.

ಹೈದರಾಬಾದಿನ ಸಾನಿಯಾ ಮಿರ್ಜಾಳನ್ನು ನಾವು ನೋಡಿದ್ದೂ ಹೀಗೆಯೇ. 2005ರಲ್ಲಿ ಆಕೆಗೆ ಇನ್ನೂ 18 ವರ್ಷ. ತನ್ನೂರಿನಲ್ಲೇ ನಡೆದ ಡಬ್ಲ್ಯುಟಿಎ ಪಂದ್ಯಾವಳಿಯಲ್ಲಿ ಸಿಂಗಲ್ಸ್ ಪ್ರಶಸ್ತಿ ಗೆದ್ದಳು. ಭಾರತದ ಹೆಣ್ಣುಮಗಳೊಬ್ಬಳು ಆ ಮಟ್ಟದಲ್ಲಿ ಗೆದ್ದದ್ದು ಅದೇ ಮೊದಲು. ಕೆಲವೇ ದಿನಗಳಲ್ಲಿ ದುಬೈನಲ್ಲಿ, ಆಗಿನ ಅಮೆರಿಕನ್ ಓಪನ್ ಚಾಂಪಿಯನ್ ಕುಜ್ನೆತ್ಸೋವಾಳನ್ನೇ ಸೋಲಿಸಿದಳು. ಅದೇ ವರ್ಷ ಅಮೆರಿಕನ್ ಓಪನ್‌ನಲ್ಲಿ ನಾಲ್ಕನೇ ಸುತ್ತಿನವರೆಗೆ ಹೋದಳು. ಆ ವರ್ಷ ದೇಶ ಚರ್ಚಿಸಿದ್ದು ಮಾತ್ರ ಆಕೆಯ ಲಂಗವನ್ನು. ಧರ್ಮಗುರುವೊಬ್ಬರು ಅದರ ಮೇಲೆ ಫತ್ವಾ ಹೊರಡಿಸಿದರೆಂದು ಸುದ್ದಿಯಾಯಿತು. ನಮ್ಮ ಜಗಲಿಗಳ ಮೇಲೆ ಫತ್ವಾ ಇರಲಿಲ್ಲ, ಅಷ್ಟೇ ವ್ಯತ್ಯಾಸ. ಮಾತು ಅದೇ.

ನೋಡಬೇಕಾದದ್ದು ಆಕೆಯ ಫೋರ್‌ಹ್ಯಾಂಡನ್ನು. ಚೆಂಡು ಪುಟಿದು ಮೇಲೇಳುವಾಗಲೇ, ಅದು ಇಳಿಯಲೆಂದು ಕಾಯದೆ, ಮುಂದೆ ನುಗ್ಗಿ ಹೊಡೆಯುತ್ತಿದ್ದಳು. ಮಣಿಕಟ್ಟು ಕೊನೆಯ ಗಳಿಗೆಯಲ್ಲಿ ಚಾಟಿಯ ಹಾಗೆ ತಿರುಗುತ್ತಿತ್ತು. ಚೆಂಡು ಎತ್ತ ಹೋಗುತ್ತದೆಂದು ಎದುರಾಳಿಗೆ ತಿಳಿಯುವಷ್ಟರಲ್ಲಿ ಅದು ಗೆರೆಯ ಬಳಿ ಬಿದ್ದಿರುತ್ತಿತ್ತು. ಸುಮ್ಮನೆ ಹೊಗಳಬೇಕಿಲ್ಲ: ಸರ್ವ್ ಅಷ್ಟು ಬಿರುಸಿನದಲ್ಲ, ಓಟ ಚುರುಕಿನದಲ್ಲ. ಆ ಕೊರತೆಗಳನ್ನು ಇಟ್ಟುಕೊಂಡೇ, ಹೊಡೆತವೊಂದರ ಬಲದಿಂದ 2007ರಲ್ಲಿ ಸಿಂಗಲ್ಸ್‌ನಲ್ಲಿ ಜಗತ್ತಿನ 27ನೇ ಸ್ಥಾನಕ್ಕೆ ಏರಿದಳು. ಆ ಮಣಿಕಟ್ಟೇ ಆಮೇಲೆ ಕೈಕೊಟ್ಟಿತು, ಶಸ್ತ್ರಚಿಕಿತ್ಸೆಯಾಯಿತು. ಸಿಂಗಲ್ಸ್ ಬಿಟ್ಟು ಡಬಲ್ಸ್ ಹಿಡಿದಳು. ಹಿಂದಿನಿಂದ ಸಾನಿಯಾ ಹೊಡೆಯುವುದು, ಬಲೆಯ ಬಳಿ ಹಿಂಗಿಸ್ ಮುಗಿಸುವುದು. 2015ರಲ್ಲಿ ಇಬ್ಬರೂ ವಿಂಬಲ್ಡನ್ ಗೆದ್ದರು. ಆ ವರ್ಷದ ಏಪ್ರಿಲ್‌ನಲ್ಲೇ ಸಾನಿಯಾ ಡಬಲ್ಸ್‌ನಲ್ಲಿ ಜಗತ್ತಿಗೆ ಒಂದನೆಯವಳಾಗಿದ್ದಳು.

ನಮ್ಮ ಬೆಂಗಳೂರಿನ ಕಥೆಯನ್ನೂ ಹೇಳಬೇಕು. 2008ರಲ್ಲಿ ಅಲ್ಲಿ ನಡೆದ ಪಂದ್ಯಾವಳಿಗೆ ಸೆರೆನಾ ವಿಲಿಯಮ್ಸ್ ಬಂದು ಗೆದ್ದುಹೋದಳು. ಸಾನಿಯಾ ಆಡಲಿಲ್ಲ. ಭಾರತದಲ್ಲಿ ಆಡಿದಾಗಲೆಲ್ಲ ಏನಾದರೊಂದು ರಾದ್ಧಾಂತವಾಗುತ್ತದೆ, ಸದ್ಯಕ್ಕೆ ಬೇಡ ಎಂದುಬಿಟ್ಟಳು. 21ರ ಹುಡುಗಿ ತನ್ನ ದೇಶದಲ್ಲೇ ಆಡಲು ಹಿಂಜರಿಯುವಂತೆ ಮಾಡಿದವರು ಯಾರು?

ಬಟ್ಟೆಯ ಮಾತು ಮುಗಿದರೆ ಸಂಸಾರದ ಮಾತು. 2016ರಲ್ಲಿ, ಡಬಲ್ಸ್‌ನಲ್ಲಿ ಒಂದನೇ ಸ್ಥಾನದಲ್ಲಿದ್ದವಳನ್ನು ಟಿವಿ ಸಂದರ್ಶಕರೊಬ್ಬರು, 'ನೆಲೆಯಾಗುವುದು ಯಾವಾಗ, ತಾಯಿಯಾಗುವುದು ಯಾವಾಗ' ಎಂದು ಕೇಳಿದರು. ಎಷ್ಟು ವಿಂಬಲ್ಡನ್ ಗೆದ್ದರೂ ಹೆಂಗಸು ನೆಲೆಯಾದಳು ಎನಿಸುವುದಿಲ್ಲವಲ್ಲ ಎಂಬರ್ಥದ ಉತ್ತರ ಕೊಟ್ಟಳು. ಸಂದರ್ಶಕರು ಕ್ಷಮೆ ಕೇಳಿದರು, ಅದು ಅವರ ದೊಡ್ಡತನ. ನಮ್ಮ ಮದುವೆ ಮನೆಗಳಲ್ಲಿ ಇದೇ ಪ್ರಶ್ನೆ ಕೇಳಿ ಕ್ಷಮೆ ಕೇಳಿದವರು ಉಂಟೆ? ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ, 43ನೇ ವಯಸ್ಸಿನಲ್ಲಿ, ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಎಲ್ಲರೂ ಹೆಮ್ಮೆಪಟ್ಟೆವು. ಆತನ ಚಡ್ಡಿಯ ಅಳತೆಯನ್ನು ಯಾರೂ ತೆಗೆಯಲಿಲ್ಲ. ಅದಕ್ಕೆ ಒಂದು ವರ್ಷ ಮೊದಲು ಅಲ್ಲಿಯೇ ಮಿಶ್ರ ಡಬಲ್ಸ್ ಫೈನಲ್‌ವರೆಗೆ ಅವರ ಜೊತೆ ಆಡಿದವಳು ಸಾನಿಯಾ. ಆಗ 36 ವರ್ಷ, ನಾಲ್ಕು ವರ್ಷದ ಮಗನ ತಾಯಿ.

ದುಡ್ಡಿನ ಮಾತಿದೆ, ಒಪ್ಪುತ್ತೇನೆ. ರ್‍ಯಾಕೆಟ್, ಬೂಟು, ತರಬೇತಿ, ಊರೂರು ತಿರುಗಾಟ: ಇದು ಬಡವರ ಆಟವಲ್ಲ. ಆದರೆ ಕಬ್ಬಿನ ದುಡ್ಡು ಬಂದ ವರ್ಷ ಮಗನಿಗೆ ಬೈಕು ಬರುವ ಮನೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಆ ಮನೆಗಳಲ್ಲಿ ಮಗಳ ಲೆಕ್ಕ ಬಂದಾಗ ಮಾತ್ರ ದುಡ್ಡು ಇರುವುದಿಲ್ಲ. ಇನ್ನು, ಬಿಸಿಲಿಗೆ ಮೈ ಕಪ್ಪಾಗುತ್ತದೆ ಎನ್ನುವವರಿಗೆ ಏನು ಹೇಳಲಿ? ಗದ್ದೆಯಲ್ಲಿ ನಾಟಿ ಮಾಡುವಾಗ ಹೆಣ್ಣಿನ ಬಣ್ಣವನ್ನು ಯಾರೂ ವಿಚಾರಿಸುವುದಿಲ್ಲ.

ನನ್ನ ತಂಗಿಯ ಮಗಳು ಶಾಲೆಯಲ್ಲಿ ಶಟಲ್ ಆಡುತ್ತಿದ್ದಳು. ಕೈಯಲ್ಲಿ ಒಳ್ಳೆಯ ಬಿರುಸಿತ್ತು. ಮೈನೆರೆದ ಮೇಲೆ ಬ್ಯಾಟು ಅಟ್ಟ ಸೇರಿತು. "ದೊಡ್ಡೋಳಾದ್ಲು ಕಣಕ್ಕ, ಇನ್ಯಾಕೆ ಆಟ? ನಾಳೆ ನೋಡೋಕೆ ಬರೋರು ಏನಂದಾರು?" ಎಂದಳು ತಂಗಿ. ಶಾಲೆಯಲ್ಲೂ ಆಟದ ಪಿರಿಯಡ್ಡಿನಲ್ಲಿ ಹೆಣ್ಣುಮಕ್ಕಳನ್ನು ರಂಗೋಲಿ ಸ್ಪರ್ಧೆಗೆ ಕೂರಿಸಿದ್ದರಂತೆ. ಬಟ್ಟೆ ಬದಲಿಸಲು ಕೋಣೆಯಿಲ್ಲ ಎಂಬ ಕಾರಣ ಕೊಟ್ಟರಂತೆ. ಕೋಣೆ ಕಟ್ಟಿಸಿಕೊಡಿ ಎಂದು ಯಾವ ತಾಯಿಯೂ ಹೋಗಿ ಕೇಳಲಿಲ್ಲ. ಉದ್ದದ ಪ್ಯಾಂಟು ಹಾಕಿಕೊಂಡೇ ಆಡಲಿ, ಯಾರು ಬೇಡವೆಂದರು? ನಮಗೆ ಬೇಡವಾದದ್ದು ಲಂಗವಲ್ಲ, ಹುಡುಗಿ ಬಯಲಿಗೆ ಬರುವುದು.

2025ರ ನವೆಂಬರಿನಲ್ಲಿ ಆ ಕೃಷ್ಣ ಕ್ರೀಡಾಂಗಣದಲ್ಲೇ ಭಾರತದ ಹೆಣ್ಣುಮಕ್ಕಳು ಬಿಲ್ಲಿ ಜೀನ್ ಕಿಂಗ್ ಕಪ್ ಪಂದ್ಯಗಳನ್ನು ಆಡಿದರು. ಅವರಲ್ಲಿ ಹೈದರಾಬಾದಿನ ಎತ್ತರದ ಹುಡುಗಿ ಶ್ರೀವಲ್ಲಿ ಭಮಿಡಿಪಾಟಿಯೂ ಇದ್ದಳು. ಮುಂದಿನ ಸಲ ಅಂಥದ್ದು ನಡೆದಾಗ ಮದ್ದೂರಿನಲ್ಲಿ ರೈಲು ಹತ್ತುವವಳಿದ್ದೇನೆ. ತಂಗಿಯ ಮಗಳನ್ನೂ, ಬಂದರೆ ಅವಳ ತಾಯಿಯನ್ನೂ ಕರೆದುಕೊಂಡು. ಬುತ್ತಿ ನಾನೇ ಕಟ್ಟುತ್ತೇನೆ.