ಇಳಿಯಲು ಒಂದೇ ಅವಕಾಶ

‘ಗ್ಲೈಡರ್ ಕಲಿತರೆ ನೌಕರಿ ಸಿಗುತ್ತದೆಯೇ?’ ತಮ್ಮ ಮಗಳ ಆಸೆಯನ್ನು ಕೇಳಿದ ಪರಿಚಿತರೊಬ್ಬರ ಮೊದಲ ಪ್ರಶ್ನೆ ಇದಾಗಿತ್ತು. ಗ್ಲೈಡಿಂಗ್ ಅಭಿಮಾನಿಗಳು ಇಂಥವರಿಗೆ ಕೆನಡಾದ ಗಿಮ್ಲಿಯ ಕಥೆ ಹೇಳುತ್ತಾರೆ. 1983ರ ಜುಲೈನಲ್ಲಿ ಏರ್ ಕೆನಡಾದ ಬೋಯಿಂಗ್ 767 ವಿಮಾನದ ಇಂಧನದ ಲೆಕ್ಕದಲ್ಲಿ ಪೌಂಡು, ಕಿಲೋ ಅದಲುಬದಲಾಗಿತ್ತು. 41,000 ಅಡಿ ಎತ್ತರದಲ್ಲಿ ಹಾರುತ್ತಿದ್ದಾಗ ಇಂಧನ ಬರಿದಾಗಿ ಒಂದರ ಹಿಂದೆ ಒಂದರಂತೆ ಎರಡೂ ಇಂಜಿನ್ ನಿಂತವು. ಕ್ಯಾಪ್ಟನ್ ಬಾಬ್ ಪಿಯರ್ಸನ್ ಬಿಡುವಿನಲ್ಲಿ ಗ್ಲೈಡರ್ ಹಾರಿಸುತ್ತಿದ್ದವರು. ಗಿಮ್ಲಿಯ ಹಳೆಯ ವಾಯುನೆಲೆ ಹತ್ತಿರವಾದಾಗ ವಿಮಾನ ಇನ್ನೂ ಬಹಳ ಎತ್ತರದಲ್ಲಿತ್ತು. ಅವರು ಅಷ್ಟು ದೊಡ್ಡ ವಿಮಾನವನ್ನು ಗ್ಲೈಡರಿನಂತೆ ಓರೆಯಾಗಿ ಜಾರಿಸಿ ಎತ್ತರ ಕಳೆದು ಇಳಿಸಿದರು. ಅದರಲ್ಲಿದ್ದ 69 ಮಂದಿಯೂ ಬದುಕಿದರು.

ಈ ಕಥೆ ನನಗೂ ಪ್ರಿಯ. ಆದರೆ ಅದನ್ನು ನೌಕರಿಯ ಪ್ರಶ್ನೆಗೆ ಉತ್ತರವಾಗಿ ಹೇಳಿದರೆ, ಎಲ್ಲ ಕಲಿಕೆಗೂ ಸಂಬಳವೇ ಅಳತೆಗೋಲು ಎಂದು ಒಪ್ಪಿಕೊಂಡಂತೆ. ಹದಿಹರೆಯದವರು ಗ್ಲೈಡರ್ ಕಲಿಯಬೇಕು ಎನ್ನಲು ನನಗಿರುವ ಕಾರಣ ಬೇರೆ. ಇಂಜಿನ್ ಇರುವ ವಿಮಾನ ರನ್‌ವೇಗೆ ಸರಿಯಾಗಿ ಬರದಿದ್ದರೆ ಮತ್ತೆ ಮೇಲೇರಿ ಇನ್ನೊಂದು ಸುತ್ತು ಹಾಕಬಹುದು. ಇಂಜಿನ್ ಇಲ್ಲದ ಗ್ಲೈಡರಿಗೆ ಆ ಅವಕಾಶವಿಲ್ಲ. ಮೇಲೆತ್ತುವ ಬಿಸಿಗಾಳಿ ಎಲ್ಲಿ ಏಳುತ್ತಿದೆ, ಅದರಲ್ಲಿ ಗಿರಕಿ ಹೊಡೆಯುತ್ತಿರುವ ಹದ್ದಿನ ಬಳಿಗೆ ಹೋಗಿ ಬರುವಷ್ಟು ಎತ್ತರ ಉಳಿದಿದೆಯೇ, ಯಾವಾಗ ಆಸೆ ಬಿಟ್ಟು ಮೈದಾನಕ್ಕೆ ತಿರುಗಬೇಕು, ಎಲ್ಲವನ್ನೂ ಹಾರಿಸುವವರು ತಾವೇ, ಸಮಯ ಮೀರುವ ಮೊದಲೇ ನಿರ್ಧರಿಸಬೇಕು. ಬ್ರಿಟನ್, ಜರ್ಮನಿಗಳಲ್ಲಿ 14 ವರ್ಷದವರಿಗೆ ಒಂಟಿಯಾಗಿ ಗ್ಲೈಡರ್ ಹಾರಿಸಲು ಅನುಮತಿಯಿದೆ. ನಾವು ಆ ವಯಸ್ಸಿನವರಿಗೆ ಟ್ಯೂಷನ್ನಿನ ವೇಳೆಯನ್ನೂ ಆರಿಸಲು ಬಿಡುವುದಿಲ್ಲ. ಪ್ರತಿ ತೀರ್ಮಾನವನ್ನೂ ಅಪ್ಪ ಅಮ್ಮ, ಕೋಚಿಂಗ್ ಸೆಂಟರು ಮಾಡಿ ಮುಗಿಸಿ, ಇಪ್ಪತ್ತೆರಡಕ್ಕೆ ‘ಇವನಿಗೆ ಜವಾಬ್ದಾರಿಯೇ ಇಲ್ಲ’ ಎಂದು ದೂರುವುದು ಅನ್ಯಾಯ.

ಆಕಾಶಕ್ಕಿಂತ ಹೆಚ್ಚು ಕಲಿಸುವುದು ಮೈದಾನ. ಗ್ಲೈಡರ್ ಒಬ್ಬರಿಂದ ಮೇಲೇರುವುದಿಲ್ಲ. ಒಬ್ಬರು ರೆಕ್ಕೆಯ ತುದಿ ಹಿಡಿದು ಜೊತೆಗೆ ಓಡಬೇಕು, ಒಬ್ಬರು ಸಂಜ್ಞೆ ಕೊಡಬೇಕು, ಒಬ್ಬರು ದೂರದಲ್ಲಿ, ಹಗ್ಗ ಸುತ್ತಿ ಗ್ಲೈಡರನ್ನು ಎಳೆಯುವ ವಿಂಚ್ ನಡೆಸಬೇಕು. ಇಳಿದ ಮೇಲೆ ತಳ್ಳಿಕೊಂಡು ಬರಲು ಮತ್ತೆ ನಾಲ್ಕು ಜನ. ತನ್ನ ಕೆಲವೇ ನಿಮಿಷಗಳ ಹಾರಾಟಕ್ಕಾಗಿ ದಿನವಿಡೀ ಬೇರೆಯವರ ಹಾರಾಟಕ್ಕೆ ದುಡಿಯಬೇಕು.

ಇದನ್ನೆಲ್ಲ ಕಲಿಯಲು ಕಂಪ್ಯೂಟರಿನ ಸಿಮ್ಯುಲೇಟರ್ ಸಾಕು ಎನ್ನುವವರು ತಪ್ಪಿಗೆ ಬೆಲೆ ತೆರಬೇಕಾದ ಕಡೆ ಒಮ್ಮೆಯೂ ನಿಂತಿಲ್ಲ. ಅಪಾಯದ ಮಾತನ್ನು ಮಾತ್ರ ತಳ್ಳಿಹಾಕಲಾರೆ. ನೆಲಕ್ಕೆ ಹತ್ತಿರದಲ್ಲಿ ವೇಗ ಕಳೆದುಕೊಂಡು ತಿರುಗಿದ ಗ್ಲೈಡರ್‌ಗಳು ಪ್ರಾಣ ತೆಗೆದಿವೆ. ಹೆದರುವ ತಾಯಿಗೆ ‘ಏನೂ ಆಗುವುದಿಲ್ಲ’ ಎನ್ನುವುದು ಸುಳ್ಳು. ಜೋಡಿ ನಿಯಂತ್ರಣವಿರುವ ಗ್ಲೈಡರಿನಲ್ಲಿ ಬೋಧಕರು ಜೊತೆಗೆ ಕೂತು ಕಲಿಸುತ್ತಾರೆ, ಅವರಿಗೆ ಭರವಸೆ ಬರುವವರೆಗೆ ಒಂಟಿಯಾಗಿ ಬಿಡುವುದಿಲ್ಲ ಎಂದಷ್ಟೇ ಹೇಳಬಹುದು. ಬೈಕು ಕೊಡಿಸುವಾಗ ನಾವು ಇಷ್ಟೂ ಕೇಳುವುದಿಲ್ಲ.

ಹಣದ ಪ್ರಶ್ನೆಯೂ ನಿಜವೇ. ಆದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ ಹತ್ತಾರು ಲಕ್ಷ ಬೇಕು. ಅದಕ್ಕೆ ಹೋಲಿಸಿದರೆ ವಿಂಚಿನಿಂದ ಗ್ಲೈಡರನ್ನು ಮೇಲೇರಿಸಲು ಖರ್ಚಾಗುವ ಇಂಧನ ತೀರ ಕಡಿಮೆ. ನಮ್ಮಲ್ಲಿ ಕೊರತೆಯಿರುವುದು ಬಯಲಿಗೆ ಮತ್ತು ಬೋಧಕರಿಗೆ. ಪುಣೆಯ ಹಡಪ್ಸರದಲ್ಲಿ ಒಂದು ಗ್ಲೈಡಿಂಗ್ ಕೇಂದ್ರವಿದೆ. ಅಂಥದ್ದು ಪ್ರತಿ ರಾಜ್ಯದಲ್ಲೂ ಬೇಕು, ಕಾಲೇಜುಗಳು ಭಾನುವಾರ ಬಸ್ಸು ಮಾಡಿ ವಿದ್ಯಾರ್ಥಿಗಳನ್ನು ಅಲ್ಲಿಗೆ ಕಳುಹಿಸಬೇಕು.