ನಳಿಗೆಯ ಸ್ವಾವಲಂಬನ

ಸೈನ್ಯಕ್ಕೆ ಹೊಸ ಬಂದೂಕುಗಳು ಬರುವುವೆಂಬ ವಾರ್ತೆಯು ಪ್ರಕಟವಾದಾಗಲೆಲ್ಲ ಎಷ್ಟು ಲಕ್ಷ ಬಂದೂಕು, ಎಷ್ಟು ಕೋಟಿ ರೂಪಾಯಿ ಎಂಬ ಲೆಕ್ಕವೇ ನಮ್ಮಲ್ಲಿ ಮುಂದಾಗಿ ನಿಲ್ಲುತ್ತದೆ. ಆ ಬಂದೂಕಿನ ನಳಿಗೆಯು ಸವೆದ ದಿನ ಹೊಸದನ್ನು ಯಾರು ಮಾಡುವರು, ಯಾರು ಕೂಡಿಸುವರು ಎಂದು ಸಂಸತ್ತಿನಲ್ಲಾಗಲಿ ಪತ್ರಿಕೆಗಳಲ್ಲಾಗಲಿ ಕೇಳುವವರು ವಿರಳ. ನಮ್ಮ ಅಭಿಪ್ರಾಯದಲ್ಲಿ ಮೊದಲು ಕೇಳತಕ್ಕ ಪ್ರಶ್ನೆಯು ಅದೇ.

ಬಂದೂಕಿನ ಅಂಗಗಳಲ್ಲಿ ನಳಿಗೆಗೆ ಬೇಗನೆ ಮುಪ್ಪು ಬರುತ್ತದೆ. ಒಂದೊಂದು ಗುಂಡು ಹೊರಟಾಗಲೂ ಉರಿವ ಮದ್ದಿನ ಅನಿಲವು ಗುಂಡಿನ ಮನೆಯ ಮುಂದಣ ಗಂಟಲನ್ನು ಕೊರೆಯುತ್ತದೆ, ಒಳಗಣ ಸುರುಳಿಗೆರೆಗಳು ಮೊಂಡಾಗುತ್ತವೆ, ಗುರಿಯು ಚದರುತ್ತದೆ. ಕುದುರೆಯನ್ನು ಎಳೆದ ಪ್ರತಿಸಲವೂ ಒಂದು ಗುಂಡನ್ನು ಹಾರಿಸಿ ಮುಂದಿನದನ್ನು ತಾನಾಗಿಯೇ ತುಂಬಿಕೊಳ್ಳುವ ಅರೆಸ್ವಯಂಚಾಲಿತ ಬಂದೂಕಿನಲ್ಲಿ ಹೊಡೆತಗಳು ಒಂದರ ಬೆನ್ನಿಗೊಂದು ಬರುವುದರಿಂದ ಈ ಸವೆತವೂ ಕಾವೂ ಹೆಚ್ಚು. ನಳಿಗೆಯ ಮೇಲೆ ಮರದ ಇಲ್ಲವೆ ಪ್ಲಾಸ್ಟಿಕ್ಕಿನ ಹ್ಯಾಂಡ್‌ಗಾರ್ಡನ್ನು, ನಾವು ಕೈಗಾಪು ಎನ್ನೋಣ, ತೊಡಿಸುವುದು ಇದಕ್ಕಾಗಿಯೇ ಹೊರತು ಅಲಂಕಾರಕ್ಕಲ್ಲ. ಅದು ಬಿರಿದರೆ ಸಿಪಾಯಿಯ ಅಂಗೈ ಸುಡುತ್ತದೆ. ಸಡಿಲಾಗಿ ನಳಿಗೆಯನ್ನು ಒತ್ತಿದರೆ ಗುರಿಯೂ ಕೆಡಬಹುದು.

ಅಮೇರಿಕದವರು ಇದನ್ನು ಚೆನ್ನಾಗಿ ಅರಿತಿದ್ದರು. ಕೆನಡಾದಲ್ಲಿ ಹುಟ್ಟಿ ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡ್ ಆಯುಧಶಾಲೆಯಲ್ಲಿ ದುಡಿದ ಜಾನ್ ಗ್ಯಾರಂಡನು ರಚಿಸಿದ ಎಂ-1 ಬಂದೂಕನ್ನು ಅಲ್ಲಿಯ ಸೈನ್ಯವು 1936ರಲ್ಲಿ ಅಂಗೀಕರಿಸಿತು. ಮೊದಮೊದಲಿನ ಬಂದೂಕುಗಳು ಅನಿಲವನ್ನು ನಳಿಗೆಯ ಬಾಯಿಯ ಹೊರಗೆ ಹಿಡಿಯುತ್ತಿದ್ದುವು. ಆ ಏರ್ಪಾಡು ಸರಿಹೋಗದೆ, ಸುಮಾರು 50,000 ಬಂದೂಕುಗಳು ತಯಾರಾದ ಮೇಲೆ, ನಳಿಗೆಗೇ ರಂಧ್ರ ಕೊರೆದು ಅನಿಲವನ್ನು ಪಡೆಯುವ ಪದ್ಧತಿಯನ್ನು ತಂದರು. ಹಳೆಯವುಗಳಿಗೂ ಹೊಸ ನಳಿಗೆ ತೊಡಿಸತೊಡಗಿದರು. ಮಹಾಯುದ್ಧವು 1945ರಲ್ಲಿ ಮುಗಿದಾಗ ಲಕ್ಷಗಟ್ಟಲೆ ಬಂದೂಕುಗಳು ರಣರಂಗದಿಂದ ಮರಳಿದುವು. ಆ ಕಾಲದ ತೋಟೆಗಳ ರಂಜಕವು ನಳಿಗೆಯೊಳಗೆ ಉಪ್ಪನ್ನು ಉಳಿಸಿ ತುಕ್ಕು ಹಿಡಿಸುವಂಥದು. ಅವನ್ನು ಗುಜರಿಗೆ ಹಾಕದೆ ಆಯುಧಶಾಲೆಗಳಲ್ಲಿ ಒಂದೊಂದಾಗಿ ಬಿಚ್ಚಿ, ಸವೆದ ನಳಿಗೆಗಳನ್ನು ತಿರುಪಿನಿಂದ ಕಳಚಿ, ಹೊಸವನ್ನು ಬಿಗಿದು, ಒಡೆದ ಮರಗೆಲಸವನ್ನು ಬದಲಿಸಿದರು. 1950ರಲ್ಲಿ ಕೊರಿಯಾದ ಯುದ್ಧವು ಆರಂಭವಾದಾಗ ಹೀಗೆ ದುರಸ್ತಿಯಾದ ಬಂದೂಕುಗಳೇ ಸಿಪಾಯಿಗಳ ಕೈಗೆ ಬಂದುವು. ನಳಿಗೆಯ ಮೇಲೆ ತಿಂಗಳು ಇಸವಿಗಳನ್ನು ಒತ್ತುವ ರೂಢಿ ಅಲ್ಲಿದ್ದುದರಿಂದ, ಒಡಲು 1942ರದು, ನಳಿಗೆ 1952ರದು ಎಂಬಂಥ ಗ್ಯಾರಂಡುಗಳು ಈಗಲೂ ಸಂಗ್ರಾಹಕರಿಗೆ ಸಿಕ್ಕುತ್ತವೆ. ಶುದ್ಧ ಮೂಲರೂಪವನ್ನು ಬಯಸುವ ಸಂಗ್ರಾಹಕನು ಮೂಗು ಮುರಿದಾನು. ಯುದ್ಧಕ್ಕೆ ಹೊರಟವನಿಗೆ ಆ ಚಿಂತೆಯಿಲ್ಲ.

ನಮ್ಮ ಅನುಭವವೂ ಬೇರೆಯಲ್ಲ. 1962ರಲ್ಲಿ ಹಿಮಾಲಯದ ಗಡಿಯಲ್ಲಿ ನಮ್ಮ ಕಾಲಾಳುಗಳ ಕೈಯಲ್ಲಿದ್ದುದು ಬಹುಮಟ್ಟಿಗೆ ಒಂದೊಂದು ಸಲವೂ ಕೈಯಿಂದ ಅಗುಳಿ ಎಳೆಯಬೇಕಾದ .303 ಬಂದೂಕು. ಆ ಪೆಟ್ಟಿನ ತರುವಾಯ ಹುಗಳಿ ನದಿಯ ದಡದ ಇಷಾಪುರ ಕಾರ್ಖಾನೆಯಲ್ಲಿ 7.62 ಮಿಲಿಮೀಟರಿನ ಎಸ್‌ಎಲ್‌ಆರ್ ತಯಾರಾಗತೊಡಗಿತು. ಅದರ ಮೂಲವು ಬೆಲ್ಜಿಯಂ ದೇಶದ ಫಾಲ್ ಬಂದೂಕು. ಆದರೆ ಅಂಗುಲದ ಅಳತೆಯಲ್ಲಿ ಬ್ರಿಟಿಷರು ಮಾಡಿದ ರೂಪದಿಂದಲೂ ಕೆಲವಂಶಗಳನ್ನು ಸೇರಿಸಿಕೊಂಡು ನಮ್ಮವರು ತಮ್ಮದೇ ನಕ್ಷೆ ಬರೆದರು. ಫಲವಾಗಿ ಇದರ ಬಿಡಿಭಾಗಗಳಲ್ಲಿ ಹಲವು ಅವರ ಬಂದೂಕಿಗೂ ಹೊಂದವು, ಇವರದಕ್ಕೂ ಹೊಂದವು. ಇದನ್ನು ದೋಷವೆಂದು ಹಳಿದವರುಂಟು. ನಮಗೆ ಕಾಣುವುದು ಬೇರೆ: ಪರದೇಶದ ಪೇಟೆಯ ಬಿಡಿಭಾಗವನ್ನು ನೆಚ್ಚಲಾಗದ ಕಾರಣ ನಳಿಗೆಯನ್ನು ಇಲ್ಲಿಯೇ ಮಾಡಬೇಕಾಯಿತು, ಮಾಡಿದರು. ಈ ಜಾತಿಯ ಬಂದೂಕಿನಲ್ಲಿ ನಳಿಗೆ ಬದಲಿಸಿದರೆ ಕೆಲಸ ಮುಗಿಯದು. ಬೀಗಮುದ್ರೆಯಂತೆ ಅಡ್ಡಗಟ್ಟುವ ಉಕ್ಕಿನ ಬೆಣೆಗಳಲ್ಲಿ ಸರಿಯಾದ ಗಾತ್ರದ್ದನ್ನು ಗೇಜಿನಿಂದ ಅಳೆದು ಆರಿಸಿ ಇಡಬೇಕು. ಇಲ್ಲದಿದ್ದರೆ ತೋಟೆಯು ಮನೆಯೊಳಗೇ ಒಡೆಯುವ ಅಪಾಯವಿದೆ. ಆ ಗೇಜನ್ನು ಬಲ್ಲ ಕುಶಲಕರ್ಮಿಯು ಟೆಂಡರಿನ ಮೂಲಕ ಬರುವವನಲ್ಲ.

ಈಗ ಉತ್ತರ ಪ್ರದೇಶದ ಅಮೇಥಿ ಜಿಲ್ಲೆಯ ಕೋರ್ವಾದಲ್ಲಿ ರಷ್ಯದ ಸಹಭಾಗಿತ್ವದಿಂದ ಎಕೆ-203 ಬಂದೂಕುಗಳು ತಯಾರಾಗುತ್ತಿವೆ. 2021ರ ಡಿಸೆಂಬರದ ಒಪ್ಪಂದದಂತೆ ಅವುಗಳ ಸಂಖ್ಯೆ ಆರು ಲಕ್ಷಕ್ಕೂ ಮಿಗಿಲು. ಸ್ವದೇಶೀ ಅಂಶವು ಹಂತಹಂತವಾಗಿ ಏರುವುದೆಂಬ ವಾಗ್ದಾನವೂ ಇದೆ. ಸಂತೋಷ. ಆದರೆ ನೂರಕ್ಕೆ ಇಷ್ಟು ಎಂಬ ಆ ಲೆಕ್ಕದಲ್ಲಿ ಕೈಗಾಪು, ತಿರುಪು, ಹೆಗಲಪಟ್ಟಿಗಳೇ ಹೆಚ್ಚಾಗಿ ನಳಿಗೆಯು ಕೊನೆಗೆ ಉಳಿಯಿತೆಂದರೆ ಆ ಶೇಕಡಾಂಶವು ಕಾಗದದ ಮೇಲಿನದಷ್ಟೇ. ಎಕೆ ಜಾತಿಯಲ್ಲಿ ನಳಿಗೆಯನ್ನು ತಿರುಪಿನಿಂದ ಬಿಗಿಯುವುದಿಲ್ಲ. ಯಂತ್ರದಿಂದ ಒತ್ತಿ ಕೂಡಿಸಿ ಅಡ್ಡಮೊಳೆ ಹೊಡೆಯುತ್ತಾರೆ. ಪಡೆಯ ಸಾಮಾನ್ಯ ಕಮ್ಮಾರಶಾಲೆಯಲ್ಲಿ ಅದಾಗದು. ಒತ್ತುಯಂತ್ರಗಳೂ ಗೇಜುಗಳೂ ಎಲ್ಲಿರುವುವೆಂಬುದನ್ನು ಬಂದೂಕು ಹಂಚುವ ಮುನ್ನವೇ ನಿಶ್ಚಯಿಸಬೇಕು.

ಕ್ರೋಮಿಯಂ ಲೇಪಿಸಿದ ಈಗಿನ ನಳಿಗೆಗಳು ಬಹುಕಾಲ ಬಾಳುವುವು, ಅವು ಸವೆಯುವಷ್ಟರಲ್ಲಿ ಬಂದೂಕೇ ಹಳತಾಗುವುದು ಎಂದು ಕೆಲವು ಅಧಿಕಾರಿಗಳು ಹೇಳಬಹುದು. ಹಳತಾದ ಬಂದೂಕನ್ನು ನಾವು ಎಂದು ಬಿಸುಟಿದ್ದೇವೆ? ಉತ್ತರ ಪ್ರದೇಶದ ಪೋಲೀಸರು .303ಕ್ಕೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದಂದು. ಅದರ ಸ್ಥಾನಕ್ಕೆ ಇನ್ಸಾಸಿನ ಜೊತೆಗೆ ಬಂದದ್ದು ಅದೇ ಹಳೆಯ ಎಸ್‌ಎಲ್‌ಆರ್. ಸೈನ್ಯವು ಬಿಟ್ಟುದು ಠಾಣೆಗೆ ಬರುವ ಈ ದೇಶದಲ್ಲಿ ಬಂದೂಕಿನ ಆಯುಷ್ಯವನ್ನು ಒಪ್ಪಂದದ ಅವಧಿಯಿಂದ ಅಳೆಯುವುದು ಹುಡುಗಾಟ. ಸ್ವದೇಶೀ ಎಂದಮಾತ್ರಕ್ಕೆ ಎಲ್ಲವೂ ಉತ್ತಮವೆಂದು ನಾವು ವಾದಿಸುವುದಿಲ್ಲ. 1999ರ ಕಾರ್ಗಿಲ್ ಚಳಿಯಲ್ಲಿ ಇನ್ಸಾಸಿನ ಪ್ಲಾಸ್ಟಿಕ್ ಮ್ಯಾಗಜೀನುಗಳು ಬಿರಿದುವೆಂಬ ದೂರು ಬಂದಿತ್ತು. ಅಂಥ ದೂರನ್ನು ಮುಚ್ಚಿಡುವುದು ದೇಶಭಕ್ತಿಯಲ್ಲ.

ಇಷಾಪುರದ ಕಾರ್ಖಾನೆಯು 2021ರ ಅಕ್ಟೋಬರದಿಂದ ಸರಕಾರೀ ಕಂಪನಿಯೊಂದರ ಕೆಳಗೆ ಬಂದಿದೆ; ಲಾಭನಷ್ಟದ ಲೆಕ್ಕವು ಅದಕ್ಕೂ ಅಂಟಿದೆ. ಹೊಸ ಬಂದೂಕಿನ ಬೇಡಿಕೆಯಿಲ್ಲದ ವರ್ಷದಲ್ಲಿ ಬಿಡಿ ನಳಿಗೆಗಳ ಬೇಡಿಕೆಯನ್ನಾದರೂ ಕೊಡದಿದ್ದರೆ ಅಲ್ಲಿಯ ಕೊರೆಯುವ ಯಂತ್ರಗಳು ನಿಲ್ಲುತ್ತವೆ, ಕೈಗಳು ಚದರುತ್ತವೆ. ಆದುದರಿಂದ ಬರುವ ಅಧಿವೇಶನದಲ್ಲಿ ರಕ್ಷಣಾ ಸಚಿವರನ್ನು ನಮ್ಮ ಸಂಸತ್ಸದಸ್ಯರು ಇಷ್ಟನ್ನು ಕೇಳಲಿ: ಸಾವಿರ ಬಂದೂಕಿಗೆ ಎಷ್ಟು ಬಿಡಿ ನಳಿಗೆಗಳನ್ನು ದಾಸ್ತಾನಿಡಲಾಗಿದೆ, ಅವುಗಳಲ್ಲಿ ಈ ದೇಶದ ಉಕ್ಕಿನಿಂದ ಈ ದೇಶದಲ್ಲಿ ಕೊರೆದವು ಎಷ್ಟು, ಮತ್ತು ನಕ್ಷೆಯ ಹಕ್ಕು ಯಾರ ಕೈಯಲ್ಲಿದೆ.