ಉಡಾಲ್ಫೋ ಕೋಟೆಯ ಭಯ

ಮೂಲಗ್ರಂಥವನ್ನು ಓದದೆ ಅದರ ಅಣಕವನ್ನಷ್ಟೇ ಓದಿ ತೀರ್ಪು ಕೊಡುವ ಅಭ್ಯಾಸ ವಿದ್ವತ್ಪ್ರಪಂಚಕ್ಕೆ ಹೊಸದಲ್ಲ. ಆ ಅನ್ಯಾಯಕ್ಕೆ ಗುರಿಯಾದ ಕೃತಿಗಳಲ್ಲಿ ಆಂಗ್ಲ ಲೇಖಕಿ ಆನ್ ರ‍್ಯಾಡ್‌ಕ್ಲಿಫ್ ರಚಿಸಿದ 'ದಿ ಮಿಸ್ಟರೀಸ್ ಆಫ್ ಉಡಾಲ್ಫೋ' ಎಂಬ ಕಾದಂಬರಿಯೂ ಒಂದು. 1794ರಲ್ಲಿ ಲಂಡನ್ನಿನಲ್ಲಿ ನಾಲ್ಕು ಸಂಪುಟಗಳಾಗಿ ಅದು ಪ್ರಕಟವಾಯಿತು. ಪ್ರಕಾಶಕರು ಕೊಟ್ಟ ಸಂಭಾವನೆ 500 ಪೌಂಡು. ಕಾದಂಬರಿಯೊಂದಕ್ಕೆ ಅಷ್ಟು ಹಣವೇ ಎಂದು ಅಂದಿನ ಜನ ಬೆರಗಾಗುವಂಥ ಮೊತ್ತವದು. ಇಂದು ಬಹುಮಂದಿ ಆ ಹೆಸರನ್ನು ಅರಿತಿರುವುದು ಜೇನ್ ಆಸ್ಟೆನ್ ಬರೆದ 'ನಾರ್ಥಾಂಗರ್ ಅಬ್ಬೆ'ಯ ಮೂಲಕ. ಆ ಕೃತಿಯ ಹುಡುಗಿ ಕ್ಯಾಥರೀನಳು ಉಡಾಲ್ಫೋವನ್ನು ಓದಿ, ಕಂಡಕಂಡ ಹಳೆಯ ಮನೆಯಲ್ಲೆಲ್ಲ ಕೊಲೆಯನ್ನು ಊಹಿಸಿ ನಗೆಗೀಡಾಗುತ್ತಾಳೆ. ಅಷ್ಟಕ್ಕೇ ಉಡಾಲ್ಫೋ ಹುಚ್ಚು ಹುಡುಗಿಯರ ಪುಸ್ತಕವೆಂಬ ನಿರ್ಣಯ ನಿಂತುಬಿಟ್ಟಿತು. ಗ್ರಂಥಾಲಯದ ಬೀರುವಿನಲ್ಲಿ ಅದು ಕಣ್ಣಿಗೆ ಬಿದ್ದರೆ, ದೆವ್ವದ ಕಥೆಯೆಂದು ಬದಿಗೆ ಸರಿಸುವ ಅಧ್ಯಾಪಕರೂ ಇಲ್ಲದಿಲ್ಲ. ಈ ನಿರ್ಣಯವನ್ನು ಮರುವಿಚಾರಣೆಗೆ ತರುವುದು ಅವಶ್ಯವಾಗಿದೆ.

ಕಥೆ ನಡೆಯುವುದು 1584ರಲ್ಲಿ. ಫ್ರಾನ್ಸ್ ದೇಶದ ಗಾರೋನ್ ನದಿಯ ತೀರದಲ್ಲಿ ತಂದೆತಾಯಿಗಳೊಡನೆ ಸುಖವಾಗಿದ್ದ ಎಮಿಲಿ ಎಂಬ ಕನ್ಯೆ ಮೊದಲು ತಾಯಿಯನ್ನೂ ಬಳಿಕ ತಂದೆಯನ್ನೂ ಕಳೆದುಕೊಳ್ಳುತ್ತಾಳೆ. ತಂದೆಯೊಡನೆ ಕೈಗೊಂಡ ಕಡೆಯ ಪ್ರಯಾಣದಲ್ಲಿ ವ್ಯಾಲನ್‌ಕೋರ್ಟ್ ಎಂಬ ತರುಣನ ಪರಿಚಯವಾಗಿ ಅನುರಾಗ ಅಂಕುರಿಸುತ್ತದೆ. ತಂದೆಯ ಮರಣಾನಂತರ ಅವಳು ಸೋದರತ್ತೆಯ ವಶಕ್ಕೆ ಬರುತ್ತಾಳೆ. ಆ ಅತ್ತೆಯಾದರೋ ಮೊಂಟೋನಿ ಎಂಬ ಇಟಲಿಯವನನ್ನು ಮದುವೆಯಾಗುತ್ತಾಳೆ. ಅವನು ಧನಿಕನೆಂದು ಅವಳೂ, ಅವಳು ತಾನೆಣಿಸಿದಷ್ಟು ಧನಿಕಳೆಂದು ಅವನೂ ನಂಬಿ ಮೋಸಹೋದ ವಿವಾಹವದು. ವೆನಿಸ್ ನಗರದ ಮೂಲಕ ಅವನು ಇಬ್ಬರನ್ನೂ ಅಪೆನೈನ್ ಪರ್ವತಶ್ರೇಣಿಯ ನಡುವಣ ಉಡಾಲ್ಫೋ ಕೋಟೆಗೆ ಕರೆತರುತ್ತಾನೆ.

ಆ ಕೋಟೆಯ ಒಂದು ಕೋಣೆಯಲ್ಲಿ ಕರಿಯ ತೆರೆಯೊಂದು ತೂಗುತ್ತಿದೆ. ಎಮಿಲಿ ಅದನ್ನು ಎತ್ತಿ ನೋಡಿ ಮೂರ್ಛೆ ಹೋಗುತ್ತಾಳೆ. ಕಂಡದ್ದೇನೆಂಬುದನ್ನು ಲೇಖಕಿ ಹೇಳುವುದಿಲ್ಲ. ಓದುಗನು ನೂರಾರು ಪುಟಗಳವರೆಗೆ ಕಾಯಬೇಕು. ಕಟ್ಟಕಡೆಯ ಸಂಪುಟದಲ್ಲಿ ತಿಳಿಯುವುದೇನೆಂದರೆ, ಅದು ಮೇಣದ ಗೊಂಬೆ. ಹಿಂದಿನ ಒಡೆಯನೊಬ್ಬನಿಗೆ ಪ್ರಾಯಶ್ಚಿತ್ತಾರ್ಥವಾಗಿ ಇಗರ್ಜಿಯು ವಿಧಿಸಿದ್ದು, ಹುಳು ಹತ್ತಿದ ಶವದ ಪ್ರತಿಮೆಯನ್ನು ನಿತ್ಯವೂ ನಿಯತಕಾಲ ನೋಡುತ್ತಿರಬೇಕೆಂದು. ಹೀಗೆಯೇ ಕೃತಿಯ ಒಂದೊಂದು ಭೂತಕ್ಕೂ ಕಡೆಯಲ್ಲಿ ಲೌಕಿಕ ಕಾರಣವೊಂದು ದೊರೆಯುತ್ತದೆ: ನಡುರಾತ್ರಿಯ ಗಾನ ಸೆರೆಯಾಳೊಬ್ಬನದು, ಮಲಗುವ ಕೋಣೆಯಿಂದ ಸೇವಕನನ್ನು ಮಾಯ ಮಾಡಿದವರು ಕಳ್ಳರು. ಇದು ವಂಚನೆಯೆಂದು ಅಂದಿನಿಂದಲೂ ಆಕ್ಷೇಪಿಸಿದವರುಂಟು. ರ‍್ಯಾಡ್‌ಕ್ಲಿಫ್ ವಿಷಯದಲ್ಲಿ ಬಹು ಗೌರವವಿದ್ದ ಸರ್ ವಾಲ್ಟರ್ ಸ್ಕಾಟನಿಗೂ ಈ ವಿವರಣೆಗಳು ರುಚಿಸಲಿಲ್ಲ.

ಆಕ್ಷೇಪ ಮೇಲ್ನೋಟಕ್ಕೆ ಸಾಧುವಾಗಿ ತೋರಿದರೂ ವಿಚಾರಕ್ಕೆ ನಿಲ್ಲದು. ಭೂತಗಳೆಲ್ಲ ಸುಳ್ಳೆಂದಾದ ಮೇಲೆ ಕೋಟೆಯಲ್ಲಿ ಸುಳ್ಳಲ್ಲದೆ ಉಳಿದ ಭಯ ಯಾವುದು? ಅದು ಒಂದು ಕಾಗದ, ಒಂದು ಲೇಖನಿ. ಫ್ರಾನ್ಸಿನಲ್ಲಿದ್ದ ತನ್ನ ಭೂಮಿಯನ್ನು ಬರೆದುಕೊಡೆಂದು ಮೊಂಟೋನಿ ಹೆಂಡತಿಯನ್ನು ಪೀಡಿಸುತ್ತಾನೆ. ಅವಳು ಒಪ್ಪದಿರಲು ಬುರುಜಿನ ಕೋಣೆಯಲ್ಲಿ ಸೆರೆಯಿಡುತ್ತಾನೆ. ಅವಳು ಅಲ್ಲಿಯ ಕಷ್ಟದಿಂದ ಕಾಯಿಲೆಬಿದ್ದು ಸಾಯುತ್ತಾಳೆ. ಭೂಮಿ ಎಮಿಲಿಗೆ ಬರುತ್ತದೆ, ಅದರ ಬೆನ್ನಿಗೇ ಕಾಗದವೂ ಬರುತ್ತದೆ. ಅವಳು ರುಜು ಹಾಕಲೊಲ್ಲೆನೆಂದಾಗ ಮೊಂಟೋನಿ ಕತ್ತಿ ಹಿರಿಯುವುದಿಲ್ಲ. ತನ್ನ ರಕ್ಷಣೆಯನ್ನು ಹಿಂತೆಗೆದುಕೊಳ್ಳುವೆನೆನ್ನುತ್ತಾನೆ. ಕುಡುಕ ಸೈನಿಕರು ತುಂಬಿದ ಕೋಟೆಯಲ್ಲಿ ಆ ಮಾತಿಗಿರುವ ಅರ್ಥ ಅವಳಿಗೂ ಗೊತ್ತು, ಅವನಿಗೂ ಗೊತ್ತು. ಭಕ್ಷಕನಾದವನು ರಕ್ಷಣೆಯನ್ನೇ ಆಯುಧ ಮಾಡಿಕೊಂಡ ಈ ಸನ್ನಿವೇಶಕ್ಕಿಂತ ಭಯಂಕರವಾದುದು ಆ ಕರಿಯ ತೆರೆಯ ಹಿಂದೆ ಏನಿದ್ದೀತು? ಕಡೆಗೆ ಬಿಡುಗಡೆಯ ಮಾತು ನಂಬಿ ಅವಳು ರುಜು ಹಾಕುತ್ತಾಳೆ. ಬಿಡುಗಡೆ ಮಾತ್ರ ಆಗುವುದಿಲ್ಲ.

ಲೇಖಕಿ ಇದನ್ನು ಗಾಳಿಯಿಂದ ಸೃಷ್ಟಿಸಲಿಲ್ಲ. ಆಕೆಯ ಕಾಲದ ಇಂಗ್ಲೆಂಡಿನಲ್ಲಿ ವಿವಾಹಿತೆಯ ಚರಸ್ವತ್ತು ಪತಿಯದಾಗುತ್ತಿತ್ತು, ಭೂಮಿಯ ಆಡಳಿತ ಅವನ ಕೈಸೇರುತ್ತಿತ್ತು. ಅನುಕೂಲಸ್ಥರು ಪ್ರತ್ಯೇಕ ಕರಾರುಪತ್ರ ಮಾಡಿಸಿ ಮಗಳಿಗೆ ಒಂದಿಷ್ಟನ್ನು ಉಳಿಸುತ್ತಿದ್ದುದುಂಟು. ಎಲ್ಲ ಹೆಂಗಸರಿಗೂ ಸಲ್ಲುವ ಪರಿಹಾರ ಬಂದದ್ದು 1870 ಮತ್ತು 1882ರ ಶಾಸನಗಳಿಂದ. ಅಷ್ಟೇಕೆ, ಆ ಮೇಣದ ಶವದ ಕಥೆಯೂ ಆಸ್ತಿಯ ಕಥೆಯೇ: ವಂಶಜರು ಪ್ರತಿಮೆಯನ್ನು ಕಾಪಾಡದಿದ್ದರೆ ಜಹಗೀರಿನ ಒಂದು ಭಾಗ ಇಗರ್ಜಿಗೆ ಸೇರತಕ್ಕದ್ದೆಂದು ಆ ಒಡೆಯನು ಉಯಿಲಿನಲ್ಲಿ ಬರೆದಿಟ್ಟಿದ್ದನು. ಭೂತಕ್ಕೂ ದಸ್ತಾವೇಜೇ ಆಧಾರ! ವಿಮರ್ಶಕರು ಗೊಂಬೆಯನ್ನು ಕಂಡು ನಕ್ಕರೇ ವಿನಾ ಈ ವಾಕ್ಯವನ್ನು ಗಮನಿಸಿದಂತೆ ತೋರದು.

ಭರತಮುನಿಯು ಭಯಾನಕ ರಸದ ವಿಭಾವಗಳನ್ನು ಎಣಿಸುವಾಗ ವಿಕೃತಧ್ವನಿ, ಗೂಬೆ, ನರಿ, ಅರಣ್ಯ, ಶೂನ್ಯಗೃಹಗಳೊಡನೆ ಸ್ವಜನರ ವಧೆ ಬಂಧನಗಳನ್ನೂ ಸೇರಿಸಿದ್ದಾನೆ. ಗೂಬೆ ನರಿಗಳಷ್ಟನ್ನೇ ಹಿಡಿದವರು ಅಗ್ಗದ ಭಯವನ್ನು ಮಾರಿದರು. ರ‍್ಯಾಡ್‌ಕ್ಲಿಫ್ ಪಟ್ಟಿಯ ಕೊನೆಯ ಭಾಗವನ್ನು ಬಿಡಲಿಲ್ಲ. ಅವಸರದ ಓದಿಗೆ ಸಿಕ್ಕದ ಒಂದು ಸಂಗತಿ ಇಲ್ಲಿದೆ. ಎಮಿಲಿಯ ತಂದೆಗೆ ಇಬ್ಬರು ತಂಗಿಯರಿದ್ದರು. ಒಬ್ಬಳಿಗೆ, ಲಾರೆಂಟಿನಿ ಎಂಬ ಮೋಹಿನಿಯ ಪ್ರೇರಣೆಯಿಂದ ಗಂಡನೇ ವಿಷವಿಕ್ಕಿದನು. ಇನ್ನೊಬ್ಬಳನ್ನು ಗಂಡನು ಬುರುಜಿನಲ್ಲಿ ಕೊಳೆಯಲು ಬಿಟ್ಟನು. ಮೊದಲನೆಯವಳ ವೃತ್ತಾಂತವಿದ್ದ ಪತ್ರಗಳನ್ನು ಓದದೆ ಸುಡೆಂದು ತಂದೆಯು ಮಗಳಿಗೆ ಅಪ್ಪಣೆ ಕೊಟ್ಟು, ಅವಳನ್ನು ಎರಡನೆಯವಳ ಕೈಯಲ್ಲಿಟ್ಟು ಸಾಯುತ್ತಾನೆ. ಒಳ್ಳೆಯ ತಂದೆ, ಅದರಲ್ಲಿ ಸಂಶಯವಿಲ್ಲ. ಆದರೆ ಮಗಳ ಮನಶ್ಶಾಂತಿಗಾಗಿ ಅವನು ಮುಚ್ಚಿಟ್ಟ ಸತ್ಯವೇ ಅವಳಿಗೆ ಅತ್ಯಗತ್ಯವಾಗಿ ತಿಳಿದಿರಬೇಕಾದ ಸತ್ಯವಾಗಿತ್ತು. ಸನ್ಯಾಸಿನಿಯ ವೇಷದಲ್ಲಿ ಹುಚ್ಚುಹಿಡಿದು ಸಾಯುವ ಲಾರೆಂಟಿನಿಯ ಪ್ರಕರಣವನ್ನು, ಭರತನು ಹೇಳುವ ಅಪರಾಧಜನ್ಯ ಭಯಾನಕಕ್ಕೆ ನಿದರ್ಶನವಾಗಿ ನಮ್ಮ ಅಲಂಕಾರಶಾಸ್ತ್ರದ ತರಗತಿಯಲ್ಲೇ ಪಾಠ ಹೇಳಬಹುದು.

ಶೃಂಗಾರಕ್ಕೂ ಭಯಾನಕಕ್ಕೂ ವಿರೋಧವೆಂದು ಆಲಂಕಾರಿಕರ ಮತ. ಈ ಕೃತಿಯಲ್ಲಿ ಎರಡೂ ಎಮಿಲಿಯೊಬ್ಬಳನ್ನೇ ಆಶ್ರಯಿಸಿವೆ, ಆದರೂ ರಸಭಂಗವಾಗುವುದಿಲ್ಲ. ಕಾರಣ, ನಾಯಕನು ಉಡಾಲ್ಫೋ ಕೋಟೆಯೊಳಗೆ ಒಮ್ಮೆಯೂ ಕಾಲಿಡುವುದಿಲ್ಲ. ಸೆರೆಮನೆಯಿಂದ ಬಂದ ಗಾನವನ್ನು ಅವನದೆಂದು ಅವಳು ಭ್ರಮಿಸುವಳಷ್ಟೆ. ವಿಪ್ರಲಂಭವು ನೆನಪಾಗಿ ಮಾತ್ರ ಉಳಿದು, ಭಯದ ಕತ್ತಲೆಯನ್ನು ಕಳೆಯದೆ ಅದರ ಅಂಚನ್ನು ಬೆಳಗಿಸುತ್ತದೆ. ದೋಷಗಳೂ ಇಲ್ಲದಿಲ್ಲ. ನಾಯಕನ ಪಾತ್ರ ಪೇಲವ. ನಾಯಿಕೆ ಲೆಕ್ಕ ತಪ್ಪುವಷ್ಟು ಬಾರಿ ಮೂರ್ಛೆ ಹೋಗುತ್ತಾಳೆ, ಎಚ್ಚರವಿದ್ದಾಗ ಪದ್ಯ ಕಟ್ಟುತ್ತಾಳೆ. ಆ ಪದ್ಯಗಳನ್ನು ಬಿಟ್ಟು ಓದಿದರೆ ಪಾಪವೇನೂ ಇಲ್ಲ. ಪರ್ವತವರ್ಣನೆಗಳು ದೀರ್ಘವಾದರೂ ಸೊಗಸಾಗಿವೆ; ಇಟಲಿಯನ್ನು ಕಣ್ಣಾರೆ ಕಾಣದ ಆಕೆ ಚಿತ್ರಪಟಗಳನ್ನೂ ಪ್ರವಾಸಗ್ರಂಥಗಳನ್ನೂ ನೋಡಿ ಬರೆದವು ಅವೆಂದು ತಿಳಿದಾಗ ಬೆರಗು ಹೆಚ್ಚುತ್ತದೆ.

ಇನ್ನು ಆಸ್ಟೆನಳ ಅಣಕದ ಮಾತು. ಅವಳ ಕಥಾನಾಯಕನಾದ ಹೆನ್ರಿ ಟಿಲ್ನಿಯೇ, ತಾನು ಉಡಾಲ್ಫೋವನ್ನು ಎರಡೇ ದಿನಗಳಲ್ಲಿ ರೋಮಾಂಚಿತನಾಗಿ ಓದಿ ಮುಗಿಸಿದೆನೆಂದು ಒಪ್ಪಿಕೊಳ್ಳುತ್ತಾನೆ. ಅವನ ತಂದೆ ಜನರಲ್ ಟಿಲ್ನಿ ಹೆಂಡತಿಯನ್ನು ಕೊಂದಿರಬೇಕೆಂದು ಕ್ಯಾಥರೀನ್ ಊಹಿಸಿದ್ದು ಸುಳ್ಳಾಯಿತು, ನಿಜ. ಆದರೆ ಅವಳು ತಾನೆಣಿಸಿದಷ್ಟು ಸಿರಿವಂತಳಲ್ಲವೆಂದು ತಿಳಿದ ಕೂಡಲೇ ಆ ಗೃಹಸ್ಥನು ಬೆಂಗಾವಲಿಲ್ಲದೆ ಹದಿಹರೆಯದ ಹುಡುಗಿಯನ್ನು ಮುಂಜಾನೆ ಮನೆಯಿಂದ ಹೊರಡಿಸಿದನಲ್ಲವೆ? ಹುಡುಗಿ ಅಪರಾಧವನ್ನು ತಪ್ಪಾಗಿ ಊಹಿಸಿದಳೇ ಹೊರತು ಮನುಷ್ಯನನ್ನು ತಪ್ಪಾಗಿ ತಿಳಿಯಲಿಲ್ಲ. ರ‍್ಯಾಡ್‌ಕ್ಲಿಫ್ ಅವಳಿಗೆ ಕಲಿಸಿದ ಪಾಠ ಪೂರ್ತಿ ವ್ಯರ್ಥವಾಗಿರಲಿಲ್ಲ.

ಉಡಾಲ್ಫೋದ ಕೊನೆಯ ಪುಟಗಳಲ್ಲಿ ಮೊಂಟೋನಿ ಸೆರೆಯಲ್ಲಿ ಸತ್ತಿರುತ್ತಾನೆ, ಅತ್ತೆಯ ಭೂಮಿ ಎಮಿಲಿಯದಾಗಿರುತ್ತದೆ, ವಿವಾಹವೂ ನಡೆದಿರುತ್ತದೆ. ಲಾರೆಂಟಿನಿ ತನಗೆಂದು ಬಿಟ್ಟುಹೋದ ಹಣವನ್ನು ಅರ್ಹನೊಬ್ಬನಿಗೆ ಕೊಡಬೇಕೆಂದು ಎಮಿಲಿಗೆ ಮನಸ್ಸಾಗುತ್ತದೆ. ಉಡಾಲ್ಫೋ ಕೋಟೆಯಲ್ಲಿ ಒಬ್ಬಂಟಿಯಾಗಿ ನಿಂತು ಮೊಂಟೋನಿಗೆ ಎದುರುತ್ತರ ಕೊಟ್ಟ ಅದೇ ಎಮಿಲಿ, ಈ ದಾನಕ್ಕೆ ಒಪ್ಪಿಗೆ ಕೊಡಬೇಕೆಂದು ವ್ಯಾಲನ್‌ಕೋರ್ಟನನ್ನು ಬೇಡಿಕೊಳ್ಳುತ್ತಾಳೆ. ಅವನು ಸಂತೋಷದಿಂದ ಒಪ್ಪುತ್ತಾನೆ.